ಕಲ್ಲಿನ ಬಾಯಿಗೆ ಹಲ್ಲಕ್ಕ ಕಟ್ಟಿದ ಹಲ್ಲು

ನಿಮ್ಮ ಮನೆಯ ಗೋಡೆಯಲ್ಲಿ ಹೆಣಗಳಿವೆ. ಹೆದರಬೇಡಿ, ದೆವ್ವದ ಕತೆ ಹೇಳಲು ಹೊರಟಿಲ್ಲ. ಸಿಮೆಂಟು ಆಗುವುದು ಸುಣ್ಣದಕಲ್ಲಿನಿಂದ. ಸುಣ್ಣದಕಲ್ಲು ಬಹುಪಾಲು ಆದದ್ದು ಸಮುದ್ರದ ತಳದಲ್ಲಿ ಸತ್ತು ಬಿದ್ದ ಚಿಪ್ಪು, ಹವಳ, ಕಣ್ಣಿಗೆ ಕಾಣದ ಜೀವಿಗಳ ರಾಶಿಯಿಂದ. ಶಾಲೆಯ ಪುಸ್ತಕದಲ್ಲಿ ಇದು ಇತ್ತು. ಓದಿದಿರಿ, ಪರೀಕ್ಷೆಯಲ್ಲಿ ಕಕ್ಕಿದಿರಿ, ಪಾಸಾದಿರಿ. ಆಮೇಲೆ ಅದೇ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿದಿರಿ.

ನಮ್ಮ ಊರಿಂದ ಸಮುದ್ರ ನೋಡಲು ಇಡೀ ದಿನ ಬಸ್ಸಿನಲ್ಲಿ ಕೂರಬೇಕು ಎನ್ನುತ್ತಾರೆ. ಸುಳ್ಳು. ಬಸ್ ಡಿಪೋದ ಹಿಂದಿನ ಓಣಿಯಲ್ಲಿ ಇಳಿದು ಹೋದರೆ ನದಿ ಸಿಗುತ್ತದೆ. ನದಿ ತಿರುಗುವಲ್ಲಿ ಬೂದುಬಿಳುಪಿನ ಬಂಡೆಯೊಂದು ನೀರಿನೊಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿದಿದೆ. ಅದೇ ಸಮುದ್ರ. ನೀರು ಹೋಗಿ ಎಷ್ಟೋ ಕೋಟಿ ವರ್ಷವಾಯಿತು, ನೆಲ ಮಾತ್ರ ಉಳಿದಿದೆ. ನಾವು ಅದರ ಮೇಲೆ ಬಾಟಲಿ ಒಡೆಯುತ್ತೇವೆ, ಬೈಕು ತೊಳೆಯುತ್ತೇವೆ. ಈಗ ಅದರ ಮೇಲೆ ವಾಕಿಂಗ್ ಮಾಡಲು ಕಾಂಕ್ರೀಟು ಹಾಸಲು ಹೊರಟಿದ್ದೇವೆ. ಸತ್ತ ಸಮುದ್ರವನ್ನು ಪುಡಿ ಮಾಡಿ, ಅದನ್ನೇ ಕಲಸಿ, ಸತ್ತ ಸಮುದ್ರದ ಮೇಲೆ ಸುರಿಯುವ ಬುದ್ಧಿವಂತರು ನಾವು.

ಆ ಬಂಡೆಯನ್ನು ನೋಡಲೆಂದೇ ಹೋಗುವವಳು ಈ ಊರಲ್ಲಿ ಒಬ್ಬಳೇ ಒಬ್ಬಳು. ಅವಳನ್ನು ಎಲ್ಲರೂ ಹಲ್ಲಕ್ಕ ಎನ್ನುತ್ತಾರೆ.

ಹಲ್ಲಕ್ಕ ಡಾಕ್ಟರಲ್ಲ. ಹಲ್ಲಿನ ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ಮಾಡಿ, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಕಟ್ಟುವವಳು ಇವಳು. ದವಾಖಾನೆಯ ಹಿತ್ತಿಲ ಕಡೆಯ ಒಂದು ಕೋಣೆ ಅವಳ ಕಾರ್ಖಾನೆ. ಒಳಗೆ ಕಾಲಿಟ್ಟರೆ ಮೂಗಿಗೆ ಪ್ಲಾಸ್ಟರಿನ ಧೂಳು, ಕಣ್ಣಿಗೆ ಕಪಾಟಿನ ತುಂಬ ಬಾಯಿಗಳು. ಮುಖವಿಲ್ಲದ ಬಿಳಿ ಬಾಯಿಗಳು, ಸಾಲಾಗಿ. ನನ್ನ ಮುಂದಿನ ಎರಡು ಹಲ್ಲೂ ಅಲ್ಲೇ ಹುಟ್ಟಿದವು. ಪರಿಚಯ ಆದದ್ದು ಹಾಗೆ.

ಕೋಣೆಯ ಒಳಬಾಗಿಲು ಪಕ್ಕಕ್ಕೆ ಅಂಟಿಕೊಂಡ ಅವಳ ಮನೆಗೆ ತೆರೆಯುತ್ತದೆ. ಅಲ್ಲಿ ಅವಳ ಅತ್ತೆ ಇದ್ದಾರೆ. ಅತ್ತೆಗೆ ಒಂದು ಹಲ್ಲೂ ಇಲ್ಲ. ಸೊಸೆ ಕಟ್ಟಿಕೊಟ್ಟ ಸೆಟ್ಟು ಕಿಟಕಿಯ ಮೇಲೆ, ನೀರಿನ ಲೋಟದಲ್ಲಿ, ಹಗಲೆಲ್ಲ ನಗುತ್ತ ಕೂತಿರುತ್ತದೆ. ಹಾಕಿಕೊಳ್ಳಿ ಎಂದರೆ ಅತ್ತೆ ಬಾಯಿ ಬಿಗಿಹಿಡಿಯುತ್ತಾರೆ. ಓಣಿಯವರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ? "ಊರಿಗೆಲ್ಲ ಹಲ್ಲು ಕಟ್ಟೋಳು, ಅತ್ತೆ ಬಾಯಿ ಬೋಳು" ಎಂದು ಹಾಡೇ ಕಟ್ಟಿದ್ದಾರೆ.

"ಏನತ್ತೆ, ನನ್ನ ಮರ್ಯಾದೆಗಾದ್ರೂ ಹಾಕ್ಕೊಳ್ಳಿ" ಎನ್ನುತ್ತಾಳೆ ಹಲ್ಲಕ್ಕ.

"ನಿನ್ನ ಮರ್ಯಾದೆ ನನ್ನ ಬಾಯೊಳಗ್ಯಾಕಮ್ಮ? ಚುಚ್ಚುತ್ತೆ" ಎನ್ನುತ್ತಾರೆ ಅತ್ತೆ.

ಹಲ್ಲಕ್ಕನ ಕಸುಬಿಗೆ ಒಂದು ಹಟವಿದೆ. ಖಾಲಿ ಜಾಗ ಕಂಡರೆ ಆಗುವುದಿಲ್ಲ. ಸಂದು ಬಿಟ್ಟು ಬಾಯಿಯನ್ನು ವಾಪಸ್ಸು ಕಳಿಸುವ ಹಾಗಿಲ್ಲ. ಎಡಗಡೆ ಇದ್ದರೆ ಬಲಗಡೆಯೂ ಇರಲೇಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನದಿಗೆ ಅವಳು ಮೊದಲು ಹೋದದ್ದು ಧೂಳು ತಪ್ಪಿಸಿಕೊಳ್ಳಲು. ಉಜ್ಜುವ ಮೋಟಾರಿನ ಮುಂದೆ ಕೂತು ಕೂತು ಎದೆ ಕಟ್ಟಿದಾಗ ಊಟದ ಡಬ್ಬಿ ಹಿಡಿದು ಬಂಡೆಯ ಮೇಲೆ ಹೋಗಿ ಕೂರುತ್ತಿದ್ದಳು. ಭಾನುವಾರ ಮೇಲಿನ ಒಡ್ಡಿನ ಬಾಗಿಲು ಮುಚ್ಚುತ್ತಾರೆ, ನೀರು ಇಳಿಯುತ್ತದೆ, ಬಂಡೆಯ ಕೆಳಗಿನ ಮೆಟ್ಟಿಲುಗಳೂ ಹೊರಬರುತ್ತವೆ. ಅಂಥ ಒಂದು ಭಾನುವಾರ ತಿಂದ ಡಬ್ಬಿ ತೊಳೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ನೀರು ಸೋಕಿದ ಕಲ್ಲಿನಲ್ಲಿ ಯಾರೋ ಹಲ್ಲು ಕಿರಿದಿದ್ದರು.

ಅದನ್ನು ನನಗೆ ತೋರಿಸಬೇಕೆಂದು ಅವಳೇ ಇನ್ನೊಂದು ಭಾನುವಾರ ಕರೆದುಕೊಂಡು ಹೋದಳು. ಪತ್ರಿಕೆಗೆ ಬರೆಯುವವನಾದ್ದರಿಂದ ನಾನು ಅವಳಿಗೆ ಪೇಪರಣ್ಣ.

"ಪೇಪರಣ್ಣ, ಚಪ್ಪಲಿ ಬಿಡು. ಜಾರಿ ಬಿದ್ದು ನನ್ನ ಹಲ್ಲು ಮುರೀಬೇಡ."

"ನಿನ್ನ ಹಲ್ಲಲ್ಲ ತಾಯಿ, ನನ್ನದು."

"ಕಟ್ಟಿದೋಳು ನಾನು. ನಿಂದು ಬರೀ ಬಾಯಿ."

ಬರಿಗಾಲಲ್ಲಿ ಇಳಿದೆ. ಮೊದಲಿಗೆ ಏನೂ ಕಾಣಲಿಲ್ಲ. ಬೂದು ಕಲ್ಲು, ಹಸಿರು ಪಾಚಿ, ಒಂದು ಹರಿದ ಚೀಲ. ಹಲ್ಲಕ್ಕ ಬಾಟಲಿಯಿಂದ ನಿಧಾನಕ್ಕೆ ನೀರು ಹುಯ್ದಳು. ಕಲ್ಲು ಕಪ್ಪಾಯಿತು, ಕಲ್ಲಿನೊಳಗಿನದು ಬೆಳ್ಳಗೆ ಮೇಲೆದ್ದಿತು. ಅಂಗಿಯ ಗುಂಡಿಯಂಥ ಪುಟ್ಟ ಬಿಲ್ಲೆಗಳು, ನಡುವೆ ನಕ್ಷತ್ರದಾಕಾರದ ತೂತು. ಒಂದರ ಬೆನ್ನಿಗೆ ಒಂದು ಅಂಟಿಕೊಂಡ ಸಿಂಪಿಗಳು, ರಶ್ಶಿನ ಬಸ್ಸಿನಲ್ಲಿ ಸಿಕ್ಕಿಬಿದ್ದವರ ಹಾಗೆ. ಅಂಗೈಯಗಲದ ಒಂದು ಸುರುಳಿ ಚಿಪ್ಪು, ಅದರ ಮೇಲೆ ಬಾಚಣಿಗೆ ಎಳೆದಂಥ ಗೆರೆಗಳು. ಕೆಸರಿನಲ್ಲಿ ಯಾವುದೋ ಹುಳ ತೆವಳಿಕೊಂಡು ಹೋದ ದಾರಿ. ಹುಳ ಇಲ್ಲ, ಕೆಸರು ಕಲ್ಲಾಗಿದೆ, ಹೋದ ದಾರಿ ಮಾತ್ರ ಇನ್ನೂ ಅಲ್ಲೇ ಇದೆ. ಎಲ್ಲಿಗೆ ಹೊರಟಿತ್ತೋ!

ನಾನು ಮಂಡಿಯೂರಿದೆ. ನೀರು ಆರಿದ ಕೂಡಲೇ ಎಲ್ಲ ಮಾಯ. ಮತ್ತೆ ಹುಯ್ದರೆ ಮತ್ತೆ ಪ್ರತ್ಯಕ್ಷ.

"ಸಾಕು, ಇವೆಲ್ಲ ಸಣ್ಣ ಮಂದಿ. ಯಜಮಾನ್ರು ಕೆಳಗಿದ್ದಾರೆ" ಎಂದಳು.

ಯಜಮಾನರು ಇದ್ದದ್ದು ಕೊನೆಯ ಮೆಟ್ಟಿಲಿನ, ಸೂರಿನಂತೆ ಮುಂದಕ್ಕೆ ಬಂದ ಚಾಚಿನ ಅಡಿಯಲ್ಲಿ. ಅಲ್ಲಿಗೆ ತಲೆ ತೂರುವುದಿಲ್ಲ. ಹಲ್ಲಕ್ಕ ಸೆರಗಿನಿಂದ ಡಾಕ್ಟರರ ಬಾಯಿ ಕನ್ನಡಿ ತೆಗೆದಳು. ಉದ್ದ ಹಿಡಿ, ತುದಿಯಲ್ಲಿ ದುಂಡನೆಯ ಪುಟ್ಟ ಕನ್ನಡಿ. ಅದನ್ನು ಚಾಚಿನಡಿ ತೂರಿಸಿ ಓರೆ ಮಾಡಿದಳು. ಬಿಸಿಲು ಕನ್ನಡಿಗೆ ಬಿದ್ದು ಒಳಕ್ಕೆ ಹಾರಿತು.

"ಆ ಅನ್ನಿ, ದೊಡ್ಡೋರೇ" ಎಂದಳು ಬಂಡೆಗೆ.

ಕನ್ನಡಿಯೊಳಗೆ ನೋಡಿದೆ. ಕಂದು ಬಣ್ಣದ ಉದ್ದುದ್ದ ಪಟ್ಟಿಗಳು ಒಂದಕ್ಕೊಂದು ಒತ್ತಿಕೊಂಡು, ಅಂಗಳಕ್ಕೆ ಹಾಸಿದ ಕಲ್ಲಿನಂತೆ. ಅವುಗಳ ಒಂದು ಮಗ್ಗುಲಲ್ಲಿ ಆರು ಮೂಲೆಯ ಸಣ್ಣ ಬಿಲ್ಲೆಗಳ ಅಂಚು. ಇನ್ನೊಂದು ಮಗ್ಗುಲು ಖಾಲಿ. ಮೇಲ್ಮೈ ನುಣ್ಣಗೆ ಸವೆದಿತ್ತು.

"ಇದು ಹಲ್ಲು ಅಂತ ಹೇಗೆ ಹೇಳ್ತೀಯ? ಟೈಲ್ಸ್ ಇದ್ದ ಹಾಗಿದೆ."

"ಅಗಿದಿದೆ ಪೇಪರಣ್ಣ. ಅಗಿದ ಸವೆತ ಬೇರೆ, ನೀರಿನ ಸವೆತ ಬೇರೆ. ನೀರಿಗೆ ಹಸಿವಿರಲ್ಲ."

ಯಾರಿದು? ಏನು ತಿಂದರು? ಖಾಲಿ ಇರುವ ಕಡೆ ಏನಾಗಿತ್ತು? ಆ ಹೊತ್ತಿಗೆ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮುಂದೆ ಹಾಗೆ ಮಂಡಿಯೂರಿ ಕೂತು ಎಷ್ಟು ಕಾಲವಾಗಿತ್ತು! ನಿಮಗೆ ಎಷ್ಟು ಕಾಲವಾಗಿದೆ?

ಹಲ್ಲಕ್ಕ ತನ್ನ ಕೆಲಸ ಶುರು ಮಾಡಿದಳು. ಬಾಯಿಯ ಅಚ್ಚು ತೆಗೆಯುವ ಗುಲಾಬಿ ಪುಡಿಯನ್ನು ರಬ್ಬರಿನ ಬಟ್ಟಲಲ್ಲಿ ನೀರಿಗೆ ಕಲಸಿ, ಬೆರಳಿಂದ ಚಾಚಿನಡಿ ಮೆತ್ತಿದಳು. ಅದು ಗಟ್ಟಿಯಾಗಿ ರಬ್ಬರಿನಂತೆ ಸುಲಿದು ಬಂತು. ಕಲ್ಲಿಗೆ ಒಂದು ಗೀರೂ ಇಲ್ಲ. ಒಣಗಿದರೆ ಕುಗ್ಗುತ್ತದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಅದಕ್ಕೆ ಪ್ಲಾಸ್ಟರ್ ಹುಯ್ಯಲು ಮನೆಗೆ ಓಡಿದಳು. ಭಾನುವಾರ ಭಾನುವಾರ ಹೀಗೆ ಮಾಡಿ ಮಾಡಿ, ಅವಳ ಕಪಾಟಿನಲ್ಲಿ ಊರವರ ಬಾಯಿಗಳ ಕೆಳಗೆ ಸಮುದ್ರದವರ ಒಂದು ಸಾಲು ಸೇರಿಕೊಂಡಿತ್ತು. ಎಲ್ಲ ಬೆಳ್ಳಗೆ, ಎಲ್ಲ ಪೂರ್ತಿ, ಒಂದಕ್ಕಿಂತ ಒಂದು ಚೆಂದ.

ಅಷ್ಟರಲ್ಲಿ ಬಂಡೆಯ ಮೇಲೆ ಕೆಂಪು ಬಣ್ಣದ ಗುರುತುಗಳು ಬಿದ್ದವು. ನದಿದಂಡೆ ಕಾಲುಹಾದಿ. ಕೊನೆಯ ಮೆಟ್ಟಿಲಿನವರೆಗೂ ಕಾಂಕ್ರೀಟು. ಯಜಮಾನರ ಚಾಚಿನ ಮೇಲೆಯೇ ಒಂದು ದಪ್ಪ ಕೆಂಪು ಗೀಟು. ನಾನು ಬರೆದೆ. ಮತ್ತೆ ಬರೆದೆ. ನೀವು ಆ ಪುಟದಲ್ಲಿ ಚಪ್ಪಲಿ ಸುತ್ತಿದಿರಿ. ಕೊನೆಗೆ ಆ ಹಾದಿ ಹಾಕಿಸುವ ಕಚೇರಿಯವರು, ಆಕ್ಷೇಪಣೆ ಇರುವವರು ಶುಕ್ರವಾರದ ಸಭೆಗೆ ಬಂದು ಪುರಾವೆ ತೋರಿಸಿ ಎಂದರು.

ಪುರಾವೆ ತಾನೆ, ಕಪಾಟಿನ ತುಂಬ ಇದೆಯಲ್ಲ! ಹಲ್ಲಕ್ಕ ಅಚ್ಚುಗಳ ಧೂಳು ಒರೆಸಿದಳು. ಸಭೆಗೆ ಮುಂಚೆ ತಿಳಿದವರೊಬ್ಬರು ನೋಡಲಿ ಎಂದು ಕಾಲೇಜಿನ ಭೂವಿಜ್ಞಾನದ ಮೇಡಂ ಅವರನ್ನು ಕರೆಸಿದೆವು. ಅದು ವಾರದ ನಡುವಿನ ದಿನ, ನದಿ ತುಂಬಿ ಹರಿಯುತ್ತಿತ್ತು, ಬಂಡೆಯ ಕೆಳಭಾಗ ನೀರಿನಡಿ ಇತ್ತು. ಮೇಡಂ ನೋಡಬಹುದಾಗಿದ್ದದ್ದು ಅಚ್ಚುಗಳನ್ನು ಮಾತ್ರ.

ಮೇಡಂ ಮೇಜಿನ ಮೇಲೆ ಕೈಚೀಲ ಇಡುವುದನ್ನೂ ಮರೆತು ಬಗ್ಗಿದರು. "ಅಯ್ಯೋ, ಇದು ತೊರಕೆ ಮೀನಿನ ಹಲ್ಲು ಕಣ್ರೀ! ತಟ್ಟೆ ಥರ ಚಪ್ಪಟೆ ಇರುತ್ತಲ್ಲ, ಚಾಟಿ ಬಾಲದ್ದು, ಅದರ ಜಾತಿ. ಸಿಂಪಿ ಅಗಿಯೋಕೆ ಇಂಥ ಹಲ್ಲು. ಎಷ್ಟು ಪೂರ್ತಿಯಾಗಿದೆ, ಎರಡೂ ಕಡೆ…"

ಅಲ್ಲಿಗೆ ಅವರ ಮಾತು ನಿಂತಿತು. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಬಲಗಡೆಯದು ಎಡಗಡೆಯ ನಕಲಿನ ಥರ ಇದೆ. ಇದು ಕಲ್ಲಲ್ಲಿ ಹೀಗೇ ಇತ್ತಾ?"

"ಇಲ್ಲ ಮೇಡಂ, ಆ ಕಡೆ ಖಾಲಿ ಇತ್ತು. ನಾನೇ ಕಟ್ಟಿದೆ" ಎಂದಳು ಹಲ್ಲಕ್ಕ. ದನಿಯಲ್ಲಿ ಹೆಮ್ಮೆ. "ಬಾಯಿ ಅಂದ್ಮೇಲೆ ಎರಡೂ ಕಡೆ ಇರಬೇಕಲ್ವಾ?"

ಮೇಡಂ ಇನ್ನೊಂದು ಅಚ್ಚು ಎತ್ತಿದರು. "ಈ ಸುರುಳಿ?"

"ಬಾಯಿ ಒಡೆದಿತ್ತು. ಮುಚ್ಚಿದೆ."

"ಈ ನಕ್ಷತ್ರ?"

"ಒಂದು ಮೂಲೆ ಇರಲಿಲ್ಲ…" ಹಲ್ಲಕ್ಕನ ದನಿ ಇಳಿಯಿತು. "ತಪ್ಪಾಯ್ತಾ ಮೇಡಂ?"

ಮೇಡಂ ಗದರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. "ಎಲ್ಲಿ ಕಲ್ಲು ನಿಂತಿತು, ಎಲ್ಲಿ ನೀವು ಶುರುವಾದ್ರಿ ಅಂತ ನನಗೆ ಗೊತ್ತಾಗ್ತಾ ಇಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೀರಿ. ಅದೇ ತೊಂದರೆ. ಆ ಕಡೆ ಯಾಕೆ ಖಾಲಿ? ಮೀನು ಸತ್ತ ಮೇಲೆ ಒಡೀತಾ? ಬದುಕಿದ್ದಾಗಲೇ ಏಟು ಬಿದ್ದು, ಒಂದೇ ಕಡೆಯಿಂದ ಅಗಿದುಕೊಂಡು ಬದುಕಿತ್ತಾ? ಹಾಗೇನಾದ್ರೂ ಇದ್ರೆ ದೊಡ್ಡ ವಿಷಯ. ಆದ್ರೆ ಆ ಪ್ರಶ್ನೆ ಇದ್ದದ್ದೇ ಖಾಲಿ ಜಾಗದಲ್ಲಿ. ನೀವು ಅದನ್ನ ತುಂಬಿಬಿಟ್ಟಿದ್ದೀರಿ."

"ಕಲ್ಲಿಂದಲೇ ಕೆತ್ತಿ ತೆಗೆದ್ರೆ?" ಎಂದು ನಾನು ಬಾಯಿ ಹಾಕಿದೆ.

"ಪುಡಿಯಾಗುತ್ತೆ. ಎಲ್ಲಿದೆಯೋ ಅಲ್ಲೇ ನೋಡಬೇಕು. ಯಾವ ಪದರದಲ್ಲಿ, ಯಾರ ಪಕ್ಕದಲ್ಲಿ ಅಂತ."

ಮೇಡಂ ಹೋದರು. ಸಭೆಗೆ ಬರುತ್ತೇನೆ, ಆದರೆ ಈ ಅಚ್ಚುಗಳನ್ನು ಪುರಾವೆ ಎಂದು ಹೇಳಲಾರೆ ಎಂದು ನೇರವಾಗಿ ಹೇಳಿಯೇ ಹೋದರು. ಹಲ್ಲಕ್ಕ ಕಪಾಟಿನ ಮುಂದೆ ನಿಂತು, ಒಂದು ಅಚ್ಚು ಎತ್ತಿ ನೆಲಕ್ಕೆ ಅಪ್ಪಳಿಸಲು ಕೈ ಮೇಲೆ ಮಾಡಿದಳು.

"ಏಯ್!" ಒಳಬಾಗಿಲಲ್ಲಿ ಅತ್ತೆ. "ಮಾಡಿದ್ದು ಒಡೆದ್ರೆ ಕಸ ಬಳಿಯೋರು ಯಾರು? ನನ್ನ ಸೊಂಟ ಬಗ್ಗಲ್ಲ."

"ಎಲ್ಲ ಸುಳ್ಳಾಯ್ತು ಅತ್ತೆ."

"ಎಲ್ಲ ಹೇಗಾಗುತ್ತೆ? ಅರ್ಧ ಅದರದ್ದು, ಅರ್ಧ ನಿಂದು." ಅತ್ತೆ ಕಿಟಕಿಯ ಲೋಟದಿಂದ ತಮ್ಮ ಸೆಟ್ಟನ್ನು ಎತ್ತಿ ಹಿಡಿದರು. ನೀರು ತೊಟ್ಟಿಕ್ಕುತ್ತಿತ್ತು. "ಇದರಲ್ಲಿ ಹಲ್ಲು ಬಿಳಿ, ವಸಡು ಕೆಂಪಗೆ. ಯಾವುದು ಯಾವುದು ಅಂತ ಕುರುಡಿಗೂ ಗೊತ್ತಾಗುತ್ತೆ. ಅದರಲ್ಲಿ ಯಾಕಮ್ಮ ಎಲ್ಲ ಒಂದೇ ಬಿಳಿ ಬಳಿದೆ?"

ಹಲ್ಲಕ್ಕ ಅತ್ತೆಯನ್ನೇ ನೋಡಿದಳು. ಕೈ ಕೆಳಗಿಳಿಯಿತು.

ಅಂದಿನಿಂದ ಶುಕ್ರವಾರದವರೆಗೆ ಊರವರ ಹಲ್ಲಿನ ಕೆಲಸ ಕಾಯಬೇಕಾಯಿತು. ತಾನು ಎಲ್ಲೆಲ್ಲಿ ಕಟ್ಟಿದ್ದೆ ಎಂಬುದು ಅವಳ ಬೆರಳಿಗೆ ನೆನಪಿತ್ತು. ತಾನು ಸೇರಿಸಿದ ಪ್ಲಾಸ್ಟರನ್ನು ಕೆರೆದು ತೆಗೆದಳು. ಆ ಜಾಗಕ್ಕೆ ವಸಡು ಮಾಡುವ ಗುಲಾಬಿ ಮೇಣ ತುಂಬಿದಳು. ಎಲ್ಲಿ ಅನುಮಾನ ಬಂತೋ ಅಲ್ಲಿಯೂ ಗುಲಾಬಿ. ಯಜಮಾನರ ಬಲಗಡೆ ಪೂರಾ ಗುಲಾಬಿಯಾಯಿತು. ಅಷ್ಟು ಸುಂದರವಾಗಿದ್ದ ಅಚ್ಚುಗಳು ಈಗ ಗಾಯವಾದವರ ಹಾಗೆ ಕಾಣುತ್ತಿದ್ದವು.

"ಕುರೂಪ ಆಯ್ತಲ್ಲ" ಎಂದೆ.

"ಹೂಂ. ಬಾಯಿ ಬೋಳಿದ್ರೆ ಬೋಳು ಅಂತ ಒಪ್ಕೋಬೇಕು. ನಮ್ಮತ್ತೆ ಹಾಗೆ" ಎಂದಳು.

ಸಭೆಯ ಕೋಣೆಯಲ್ಲಿ ದೊಡ್ಡ ಮೇಜು, ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು, ಗೋಡೆಯ ಮೇಲೆ ಕಾಲುಹಾದಿಯ ಬಣ್ಣದ ಚಿತ್ರ. ಚಿತ್ರದಲ್ಲಿ ನಗುವ ಜನ, ದೀಪದ ಕಂಬ, ಬೆಂಚು. ಬಂಡೆ ಇಲ್ಲವೇ ಇಲ್ಲ. ಯೋಜನೆಯ ಎಂಜಿನಿಯರ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು. ಬಂಡೆಯನ್ನು ಆತ ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ, ಅಷ್ಟೇ.

"ಇದೇನಮ್ಮಾ, ಪ್ಲಾಸ್ಟರ್ ಹಲ್ಲು ತೋರಿಸಿ ಕಾಲುಹಾದಿ ಕೆಲಸ ನಿಲ್ಲಿಸ್ತೀರಾ?" ಎಂದ. ಸುತ್ತ ಕೂತವರು ನಕ್ಕರು.

"ಬಿಳಿ ಇರೋದು ಕಲ್ಲಿಂದು. ಗುಲಾಬಿ ಇರೋದು ನನ್ನ ಸುಳ್ಳು" ಎಂದಳು ಹಲ್ಲಕ್ಕ. "ಖಾಲಿ ಜಾಗ ನೋಡಕ್ಕಾಗ್ದೆ ತುಂಬಿಬಿಟ್ಟೆ ಸಾರ್. ಕಸುಬಿನ ಚಾಳಿ. ಈಗ ಒಪ್ಕೊಂಡಿದ್ದೀನಿ. ನೀವೂ ಖಾಲಿ ಜಾಗ ಅಂತ ತುಂಬಕ್ಕೆ ಹೊರಟಿದ್ದೀರಿ. ತುಂಬೋ ಮುಂಚೆ ಒಂದ್ಸಲ ಬಂದು ನೋಡಿ. ನನ್ನದಾದ್ರೆ ಕೆರೆದು ತೆಗೀಬಹುದಿತ್ತು."

ಮೇಡಂ ಎದ್ದು ಯಜಮಾನರ ಅಚ್ಚನ್ನು ಕೈಗೆತ್ತಿಕೊಂಡು, ಬಿಳಿಯ ಕಡೆ ಬೆರಳಿಟ್ಟು, ಇಷ್ಟರಿಂದಲೇ ಆ ಜಾಗವನ್ನು ನೋಡದೆ ಮುಚ್ಚಬಾರದು ಎಂದು ಹೇಳಬಲ್ಲೆ, ಗುಲಾಬಿಯ ಬಗ್ಗೆ ಏನೂ ಹೇಳಲಾರೆ ಎಂದರು.

ಎಂಜಿನಿಯರ್ ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ಕೇಳಿದ, "ಸರಿ, ಹಲ್ಲು ಇದೆ ಅಂತಾನೇ ಇಟ್ಕೊಳ್ಳೋಣ. ಯಾರಿಗೆ ಬೇಕು? ಈ ಊರಲ್ಲಿ ನಿಮ್ಮನ್ನ ಬಿಟ್ಟು ಅಲ್ಲಿಗೆ ಯಾರು ಹೋಗ್ತಾರೆ?"

ಇಡೀ ಸಭೆಯಲ್ಲಿ ಉತ್ತರವಿಲ್ಲದ ಪ್ರಶ್ನೆ ಅದೊಂದೇ. ಹಲ್ಲಕ್ಕ ನನ್ನ ಕಡೆ ನೋಡಿದಳು. ನಾನು ಫ್ಯಾನು ನೋಡಿದೆ. ಯಾಕೆಂದರೆ ಆತ ಹೇಳಿದ್ದು ನಿಜ. ಅವಳು ಒಂದು ಹಿಡಿ ಪ್ಲಾಸ್ಟರಿನಲ್ಲಿ ಮಾಡಿದ ತಪ್ಪನ್ನು ಇವರು ಲಾರಿಗಟ್ಟಲೆ ಮಾಡಹೊರಟಿದ್ದಾರೆ, ನಿಜ. ಆದರೆ ಅವರನ್ನು ತಡೆಯಲು ಯಾರೂ ಇಲ್ಲವೆಂಬುದು ಅವರ ತಪ್ಪಲ್ಲ. ನಿಮ್ಮದು.

ಕೊನೆಗೆ ತೀರ್ಮಾನ ಹೀಗಾಯಿತು. ಬರುವ ಭಾನುವಾರ ಒಡ್ಡಿನ ಬಾಗಿಲು ಮುಚ್ಚಿ ನೀರು ಇಳಿದಾಗ ಕಚೇರಿಯವರು ಬಂಡೆಗೆ ಬರುತ್ತಾರೆ. ಊರಿನ ಜನ ಬಂದು ನಿಂತಿದ್ದರೆ, ಕೊನೆಯ ಮೆಟ್ಟಿಲು ಬಿಟ್ಟು ಹಾದಿಯನ್ನು ಮೇಲಕ್ಕೆ ತಿರುಗಿಸುವ ಬಗ್ಗೆ ಯೋಚಿಸುತ್ತಾರೆ. ಹಲ್ಲಕ್ಕ ಒಬ್ಬಳೇ ಇದ್ದರೆ ಸೋಮವಾರ ಬೆಳಿಗ್ಗೆ ಲಾರಿ ಬರುತ್ತದೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ವಿಷಯ ಕೇಳಿ, "ಭಾನುವಾರ ನಾನೂ ಬರ್ತೀನಿ. ಕೈ ಹಿಡಿದು ಇಳಿಸು" ಎಂದರು. ಸ್ವಲ್ಪ ಯೋಚಿಸಿ, "ಹಲ್ಲು ಹಾಕ್ಕೊಂಡು ಬರ್ತೀನಿ. ಆ ಯಜಮಾನ್ರ ಮುಂದೆ ಬೋಳು ಬಾಯಲ್ಲಿ ಹೋದ್ರೆ ಚೆನ್ನಾಗಿರಲ್ಲ" ಎಂದರು. ಹಲ್ಲಕ್ಕ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ಮೀನು ಒಂದೇ ಕಡೆಯಿಂದ ಅಗಿದುಕೊಂಡು ಬದುಕಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಮೇಡಂಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಅದು ಸೋಮವಾರ ದಾಟಬೇಕು. ಸೊಂಟ ಬಗ್ಗದ ಮುದುಕಿ ಬರುತ್ತೇನೆ ಎನ್ನುತ್ತಿದ್ದಾರೆ. ನಿಮಗೇನು ರೋಗ?

ಭಾನುವಾರ ಬೆಳಿಗ್ಗೆ ಡಿಪೋದ ಹಿಂದಿನ ಓಣಿಯಲ್ಲಿ ಇಳಿದು ಬನ್ನಿ. ಕೈಯಲ್ಲಿ ಒಂದು ಬಾಟಲಿ ನೀರಿರಲಿ. ಚಪ್ಪಲಿ ಮೇಲೆಯೇ ಬಿಡಿ. ಬಂಡೆಗೆ ನೀರು ಹುಯ್ಯಿರಿ, ಮಂಡಿಯೂರಿ, ಕನ್ನಡಿಯೊಳಗೆ ನೋಡಿ. ಆಮೇಲೆ ಎದ್ದು, ಆ ಎಂಜಿನಿಯರ್ ಎದುರು ನಿಂತು, ಅವನ ಪ್ರಶ್ನೆಗೆ ನಿಮ್ಮ ಬಾಯಿಂದಲೇ ಉತ್ತರ ಹೇಳಿ: "ನನಗೆ ಬೇಕು."